ಜೂನ್ 1ರಂದು ಹುಟ್ಟಿದ ಹುಡುಗಿಯರು

ವಿಜಯಪುರದ ಸರ್ಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ 2017ರಲ್ಲಿ ನಾನು ನಿವೃತ್ತಳಾದೆ. ಅಷ್ಟು ವರ್ಷ ಪ್ರತಿ ಏಪ್ರಿಲ್‌ನಲ್ಲಿ ಏಳನೇ ತರಗತಿಯ ಹುಡುಗಿಯರನ್ನು ಬೀಳ್ಕೊಟ್ಟಿದ್ದೇನೆ. ಆದರೆ ಅವರಲ್ಲಿ ಎಷ್ಟು ಜನ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದರು ಎಂದು ಮನೆಮನೆಗೆ ಹೋಗಿ ವಿಚಾರಿಸಿದವಳಲ್ಲ. ವರ್ಗಾವಣೆ ಪತ್ರ ಬರೆದುಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂಬುದು ಅಂದಿನ ನನ್ನ ತಿಳಿವಳಿಕೆ. ನಿವೃತ್ತಿಯ ನಂತರ ಓಣಿಯಲ್ಲಿ ನಿಧಾನವಾಗಿ ಓಡಾಡುವ ಪುರುಸೊತ್ತು ಸಿಕ್ಕಾಗ, ಕಟ್ಟೆಯ ಮೇಲೆ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತ ಹೆಣ್ಣುಮಕ್ಕಳು ಎದ್ದು ನಿಂತು "ಸಲಾಂ, ಟೀಚರ್" ಎನ್ನತೊಡಗಿದರು. ಬಹಳಷ್ಟು ಮುಖಗಳು ನನ್ನ ಏಳನೇ ತರಗತಿಯವೇ.

ಮುಸ್ಲಿಂ ಹುಡುಗಿಯರು ಶಾಲೆ ಬಿಡುವುದಕ್ಕೆ ಧರ್ಮವೇ ಕಾರಣ, ಮಕ್ಕಳನ್ನೆಲ್ಲ ಮದರಸಾಕ್ಕೆ ಕಳಿಸುತ್ತಾರೆ ಎಂಬ ಮಾತನ್ನು ನಾನು ಸಹೋದ್ಯೋಗಿಗಳ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಶಾಲಾ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದರಸಾಕ್ಕೆ ಹೋಗುವವರು ಶೇಕಡಾ 4ರಷ್ಟು ಮಾತ್ರ ಎಂದು ಮುಸ್ಲಿಮರ ಸ್ಥಿತಿಗತಿ ಕುರಿತ 2006ರ ಸಾಚಾರ್ ಸಮಿತಿಯ ವರದಿ ಹೇಳಿದೆ. ನಮ್ಮ ಓಣಿಯ ಮಟ್ಟಿಗೆ ಕಾರಣ ಇನ್ನೂ ಸರಳವಾಗಿತ್ತು: ಮನೆಯ ಹತ್ತಿರದ ಉರ್ದು ಶಾಲೆ ಏಳನೇ ತರಗತಿಗೆ ಮುಗಿಯುತ್ತಿತ್ತು, ಮುಂದಿನ ಪ್ರೌಢಶಾಲೆ ದೊಡ್ಡ ರಸ್ತೆ ದಾಟಿ ಹೋಗುವಷ್ಟು ದೂರವಿತ್ತು, ಮತ್ತು ಅಲ್ಲಿ ವಿಜ್ಞಾನ, ಗಣಿತ ಎಲ್ಲವೂ ಕನ್ನಡದಲ್ಲಿದ್ದವು. ಏಳು ವರ್ಷ ಉರ್ದುವಿನಲ್ಲಿ ಓದಿದ ಹುಡುಗಿ ಅಲ್ಲಿ ಹೋಗಿ ಒಂದು ತಿಂಗಳು ಬಾಯಿ ಬಿಡದೆ ಕೂತು, ನಂತರ ಜ್ವರವೆಂದು ಮನೆಯಲ್ಲಿ ಉಳಿದು, ಆಮೇಲೆ ಉಳಿದೇ ಬಿಡುತ್ತಿದ್ದಳು. ಅವಳಿಗೆ ಕನ್ನಡ ಸರಿಯಾಗಿ ಬರಲಿಲ್ಲ ಎಂದರೆ ಕಲಿಸಿದವಳು ನಾನೇ ಅಲ್ಲವೆ?

2018ರ ಆರಂಭದಲ್ಲಿ ನಾನು ಮಾಡಿದ ಮೊದಲ ಪ್ರಯತ್ನ ಪೂರ್ಣ ಸೋತಿತು. ರಸ್ತೆಯ ಮೇಲಿನ ಒಂದು ಸಮುದಾಯ ಭವನವನ್ನು ಸಂಜೆ ಆರರಿಂದ ಎಂಟರವರೆಗೆ ಪಡೆದು, ಉದ್ಘಾಟನೆ ಇಟ್ಟು, ಕುರಾನಿನಲ್ಲಿ ಮೊದಲು ಇಳಿದು ಬಂದ ಪದವೇ "ಇಕ್ರಾ", ಅಂದರೆ "ಓದು" ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಐದು ಹುಡುಗಿಯರು ಬಂದರು, ಎರಡನೆಯ ವಾರಕ್ಕೆ ಒಬ್ಬರೂ ಇಲ್ಲ. ಸಂಜೆ ಆರು ಎಂದರೆ ರೊಟ್ಟಿ ಬಡಿಯುವ ಹೊತ್ತು, ಗಂಡಸರು ಮನೆಗೆ ಬರುವ ಹೊತ್ತು, ಮೂಲೆಯ ಪಾನ್ ಅಂಗಡಿಯ ಮುಂದೆ ಹುಡುಗರು ನೆರೆಯುವ ಹೊತ್ತು. ಮೂವತ್ತೊಂದು ವರ್ಷ ಅದೇ ಊರಿನಲ್ಲಿದ್ದೂ ಇದನ್ನು ಯಾರನ್ನೂ ಕೇಳದೆ ವೇಳಾಪಟ್ಟಿ ಮಾಡಿದ್ದೆ. ಚಾಂದ್ ಬೀಬಿ ಇಲ್ಲಿಂದ ರಾಜ್ಯಭಾರ ಮಾಡಿದಳು ಎಂದು ಅಭಿಮಾನದಿಂದ ಹೇಳುವ ಊರಿನಲ್ಲಿ ಹುಡುಗಿಯೊಬ್ಬಳು ಪಾನ್ ಅಂಗಡಿ ದಾಟಿ ಹೋಗುವುದು ಎಷ್ಟು ಕಷ್ಟ ಎಂಬುದು ನನಗೆ ಆಗಲೇ ತಿಳಿದದ್ದು.

ಎರಡನೆಯ ಸಲ ಓಣಿಯ ಹಿರಿಯ ಖಾಲಾ ಒಬ್ಬರ ಮನೆಯ ಒಳಾಂಗಣವನ್ನು ಕೇಳಿಕೊಂಡೆ. ಅವರು ಹೆಣ್ಣುಮಕ್ಕಳಿಗೆ ಕುರಾನ್ ಓದಿಸುವವರು. ಅವರ ಮನೆಗೆ ಹೋಗುತ್ತೇನೆಂದರೆ ಯಾವ ತಂದೆಯೂ ಏಕೆ ಎಂದು ಕೇಳುತ್ತಿರಲಿಲ್ಲ. ಸಮಯವನ್ನು ತಾಯಂದಿರೇ ಗೊತ್ತುಮಾಡಿದರು: ಜುಹರ್ ನಮಾಜಿನ ನಂತರ, ಎರಡೂವರೆಯಿಂದ ನಾಲ್ಕೂವರೆ. ಅಡುಗೆ, ಪಾತ್ರೆ ಮುಗಿದಿರುತ್ತವೆ, ಗಂಡಸರು ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಇರುತ್ತಾರೆ, ಬಿಸಿಲಿಗೆ ಓಣಿ ಖಾಲಿ ಇರುತ್ತದೆ. ಹುಡುಗಿಯರಿಗಾಗಿ ತೆರೆದ ಈ ತರಗತಿಗೆ ಮೂರನೆಯ ತಿಂಗಳಿನಿಂದ ತಾಯಂದಿರೂ ಬರತೊಡಗಿದರು. ನಾನು ಕರೆದಿರಲಿಲ್ಲ, ಮಗಳನ್ನು ಬಿಡಲು ಬಂದವರು ಬಾಗಿಲಲ್ಲಿ ಕೂತರು, ಆಮೇಲೆ ಒಳಗೆ ಸರಿದರು.

ಕನ್ನಡ ಕಲಿಸುವ ಬಗ್ಗೆ ನಾನು ಸೇವೆಯಲ್ಲಿ ಕಲಿಯದ್ದನ್ನು ಆ ಒಳಾಂಗಣದಲ್ಲಿ ಕಲಿತೆ. ನಲವತ್ತು ದಾಟಿದ ಒಬ್ಬಾಕೆ ಪಾಟಿಯ ಬಲ ಅಂಚಿನಿಂದ ತನ್ನ ಹೆಸರನ್ನು ಬರೆಯಲು ತೊಡಗಿ, ಎಡಕ್ಕೆ ಜಾಗ ಬಿಟ್ಟು, ಎರಡನೆಯ ಅಕ್ಷರವನ್ನು ಮೊದಲನೆಯದರ ಎಡಗಡೆ ಕೂರಿಸಿದರು. ತಪ್ಪೆಂದು ಅಳಿಸುವ ಬದಲು ಪಾಟಿಯ ಎಡ ಅಂಚಿನಲ್ಲಿ ಸುಣ್ಣದಿಂದ ಒಂದು ಬಾಗಿಲು ಬರೆದು, ಕನ್ನಡ ಈ ಬಾಗಿಲಿನಿಂದ ಹೊರಡುತ್ತದೆ ಎಂದೆ. ಬರವಣಿಗೆಯಲ್ಲಿ ಕಷ್ಟವಾಗುತ್ತಿದ್ದದ್ದು ಗುಣಿತಾಕ್ಷರ. ಉರ್ದುವಿನ ಸಾಮಾನ್ಯ ಬರಹದಲ್ಲಿ ಹ್ರಸ್ವ ಸ್ವರದ ಚಿಹ್ನೆಗಳನ್ನು ಬರೆಯುವುದಿಲ್ಲ, ಓದುವವರೇ ತುಂಬಿಕೊಳ್ಳುತ್ತಾರೆ. ಹಾಗಾಗಿ ನನ್ನ ಹುಡುಗಿಯರ ನೋಟ್‌ಬುಕ್ಕಿನಲ್ಲಿ "ಕುದುರೆ" ಎಂಬುದು "ಕದರ" ಆಗುತ್ತಿತ್ತು. ವರ್ಷಗಟ್ಟಲೆ ಇದನ್ನು ಅಲಕ್ಷ್ಯವೆಂದು ತಿಳಿದು ಬೈದಿದ್ದೇನೆ. ಖಾಲಾ ಒಂದು ದಿನ ನಕ್ಕು, "ಟೀಚರ್, ಕುರಾನ್ ಓದುವಾಗ ಇವರು ಒಂದೂ ಜೇರ್, ಜಬರ್ ಬಿಡುವುದಿಲ್ಲ" ಎಂದರು. ಜೇರ್, ಜಬರ್, ಪೇಶ್ ಎಂದರೆ ಕುರಾನಿನಲ್ಲಿ ಬಿಡದೆ ಬರೆದಿರುವ ಆ ಹ್ರಸ್ವ ಸ್ವರದ ಚಿಹ್ನೆಗಳೇ. ಆ ದಿನದಿಂದ ತಲಕಟ್ಟು ಎಂದರೆ ಜಬರ್, ಗುಡಿಸು ಎಂದರೆ ಜೇರ್, ಕೊಂಬು ಎಂದರೆ ಪೇಶ್ ಎಂದು ಹೇಳಿಕೊಟ್ಟೆ. ಬಾಲ್ಯದಿಂದ ಬಲ್ಲ ಮೂರು ಗುರುತುಗಳು ಬೇರೆ ಬಟ್ಟೆ ಉಟ್ಟು ಬಂದಂತೆ ಅವರಿಗೆ ತೋರಿರಬೇಕು. ಎರಡು ವಾರದಲ್ಲಿ "ಕದರ" ಕುದುರೆಯಾಯಿತು. ಳಕಾರ ಮಾತ್ರ ಇಂದಿಗೂ ಪೂರ್ತಿ ಬಂದಿಲ್ಲ. ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲಿ ಆ ಧ್ವನಿ ಇಲ್ಲ, ಆದ್ದರಿಂದ "ನಮ್ಮದು ಹಲ್ಲಿ" ಎಂದು ಒಬ್ಬಳು ಗಂಭೀರವಾಗಿ ಬರೆದಾಗ, ಗೋಡೆಯ ಮೇಲಿದ್ದ ಹಲ್ಲಿಯನ್ನು ತೋರಿಸಿ ಎಲ್ಲರೂ ನಗುವುದು ನಮ್ಮ ತರಗತಿಯ ಹಳೆಯ ಆಟ.

ಓದಿನ ಕೆಲಸಕ್ಕಿಂತ ದೊಡ್ಡ ಕೆಲಸ ಕಾಗದಪತ್ರದ್ದು ಎಂಬುದು 2019ರಲ್ಲಿ ತಿಳಿಯಿತು. ಪಿಯುಸಿ ಓದುತ್ತಿದ್ದ ಒಬ್ಬ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಆಧಾರ್‌ನಲ್ಲಿ ಅವಳ ಜನ್ಮದಿನಾಂಕ ಅಕ್ಟೋಬರ್‌ದು, ಹೆಸರು ಎರಡು ಪದದ್ದು; ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜೂನ್ 1, ಹೆಸರು ಒಂದೇ ಪದ, ಅದೂ ಮನೆಯಲ್ಲಿ ಕರೆಯುವ ಮೊಟಕು ಹೆಸರು. ಮೂಲ ಎಲ್ಲಿದೆ ಎಂದು ಹುಡುಕುತ್ತ ಅವಳ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿದೆ. ಆ ಸಾಲನ್ನು ಓದುವ ಮೊದಲೇ ಅಕ್ಷರ ಗುರುತು ಹತ್ತಿತು. ನನ್ನದೇ ಅಕ್ಷರ, ನನ್ನದೇ ನೀಲಿ ಶಾಯಿ.

ಆ ಕಾಲದಲ್ಲಿ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು. ಜನನ ಪ್ರಮಾಣಪತ್ರ ತರದ ತಾಯಿ "ಮಳೆಗಾಲದ ಮುಂದ ಹುಟ್ಯಾಳ್ರಿ" ಎಂದರೆ ಜೂನ್ 1 ಎಂದು ಬರೆಯುವುದು, ಒಂದನೇ ತರಗತಿಗೆ ವಯಸ್ಸು ಸಾಲದಿದ್ದರೆ ವರ್ಷವನ್ನು ಒಂದು ಹಿಂದಕ್ಕೆ ಸರಿಸುವುದು, ಉದ್ದದ ಹೆಸರನ್ನು ಅಂಕಣಕ್ಕೆ ಹೊಂದುವಂತೆ ಕತ್ತರಿಸುವುದು. ಮಗು ಶಾಲೆಗೆ ಬಂದರೆ ಸಾಕು ಎಂಬ ಒಳ್ಳೆಯ ಉದ್ದೇಶವೇ ಇತ್ತು. ಆದರೆ ಆ ಪುಸ್ತಕದ ಒಂದೇ ಪುಟದಲ್ಲಿ ಜೂನ್ 1ರಂದು ಹುಟ್ಟಿದ ಹನ್ನೊಂದು ಹುಡುಗಿಯರಿದ್ದರು. ವರ್ಷ ಹಿಂದೆ ಸರಿಸಿದ್ದರ ಇನ್ನೊಂದು ಪರಿಣಾಮ ನನಗೆ ಅಲ್ಲಿಯೇ ನಿಂತಾಗ ಹೊಳೆಯಿತು: ಕಾಗದದಲ್ಲಿ ಹದಿನೆಂಟು ತುಂಬಿದ ಹುಡುಗಿಗೆ ನಿಜದಲ್ಲಿ ಹದಿನೇಳು. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧು ಎನ್ನುವ ಕರ್ನಾಟಕದ 2016ರ ತಿದ್ದುಪಡಿ ಕಾಯ್ದೆಯೂ, ಮಕ್ಕಳ ಸಹಾಯವಾಣಿ 1098 ಕೂಡ ಕಾಗದದ ವಯಸ್ಸನ್ನೇ ನೋಡಬೇಕಲ್ಲ! ಅಂಥ ಎರಡು ಮದುವೆಗಳ ಊಟವನ್ನು ನಾನೇ ಉಂಡು ಬಂದಿದ್ದೆ.

ಅಂದಿನಿಂದ ನಮ್ಮ ತರಗತಿಯಲ್ಲಿ ಗುರುವಾರ ಓದು ಇಲ್ಲ, ಕಾಗದ ಮಾತ್ರ. ಪ್ರತಿಯೊಬ್ಬಳದೂ ಒಂದು ರಟ್ಟಿನ ಕಡತ. ಅದರ ಮೇಲೆ ಆಧಾರ್, ಪಡಿತರ ಚೀಟಿ, ಶಾಲಾ ದಾಖಲೆ, ಬ್ಯಾಂಕ್ ಪಾಸ್‌ಬುಕ್ ನಾಲ್ಕರಲ್ಲೂ ಹೆಸರು ಹೇಗಿದೆಯೋ ಹಾಗೆಯೇ ಅವಳ ಕೈಯಿಂದಲೇ ಬರೆಸುತ್ತೇನೆ. ತಬಸ್ಸುಮ್, ತಬಸುಂ, ತಬಸಮ ಎಂದು ಒಂದೇ ಹೆಸರು ಮೂರಾಗಿ ಕಣ್ಣಿಗೆ ಬಿದ್ದಾಗ ಒತ್ತಕ್ಷರ ಏಕೆ ಬೇಕು ಎಂಬ ಪಾಠವೂ ಆಗುತ್ತದೆ. ಎಸ್ಸೆಸ್ಸೆಲ್ಸಿ ಇನ್ನೂ ಆಗದವಳ ವಿಷಯದಲ್ಲಿ ಮೊದಲು ಶಾಲೆಯ ದಾಖಲೆಯನ್ನೇ ಮುಖ್ಯೋಪಾಧ್ಯಾಯರ ಮೂಲಕ ತಿದ್ದಿಸಲು ಅರ್ಜಿ ಹಾಕುತ್ತೇವೆ, ಏಕೆಂದರೆ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದುವುದು ಬಹಳ ಕಷ್ಟ. ಅಂಕಪಟ್ಟಿ ಬಂದುಬಿಟ್ಟವಳ ಆಧಾರ್ ಅನ್ನು ಅದಕ್ಕೆ ಹೊಂದಿಸುವುದೇ ಸುಲಭದ ದಾರಿ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಾಯಿಸಲು ಅವಕಾಶ ಇರುವುದರಿಂದ, ಅವಸರದಲ್ಲಿ ಸೇವಾ ಕೇಂದ್ರಕ್ಕೆ ಓಡಬೇಡಿ ಎಂದು ಪದೇ ಪದೇ ಹೇಳಬೇಕಾಗುತ್ತದೆ. ಜನನವನ್ನೇ ನೋಂದಾಯಿಸದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಲ್ಲ ಸರಿಯಾದ ಮೇಲೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಅಲ್ಪಸಂಖ್ಯಾತ ಮಕ್ಕಳ ಕೇಂದ್ರ ಸರ್ಕಾರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022–23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಿದ ನಂತರ ಚಿಕ್ಕ ತರಗತಿಯ ಮಕ್ಕಳ ಕಡತಗಳು ತೆಳ್ಳಗಾದವು, ಆದರೂ ತಿದ್ದುವುದನ್ನು ನಾವು ಅಲ್ಲಿಂದಲೇ ಶುರುಮಾಡುತ್ತೇವೆ.

ಹಣದ ಮಾತನ್ನೂ ಹೇಳಬೇಕು. ನಾವು ಸಂಘ ನೋಂದಾಯಿಸಿಲ್ಲ, ರಸೀದಿ ಪುಸ್ತಕವಿಲ್ಲ. ಪರೀಕ್ಷಾ ಶುಲ್ಕ, ಪುಸ್ತಕ, ಪ್ರಮಾಣಪತ್ರದ ಖರ್ಚು ಬಹುಪಾಲು ರಂಜಾನಿನ ಜಕಾತ್‌ನಿಂದ ಬರುತ್ತದೆ. ಉಳಿತಾಯದ ಶೇಕಡಾ 2.5ರಷ್ಟನ್ನು ಬಡವರಿಗೆ ಕೊಡಬೇಕೆಂಬ ನಿಯಮ ಎಲ್ಲರಿಗೂ ಗೊತ್ತು. ಅದನ್ನು ಬಡವರ ಕೈಗೇ ಒಪ್ಪಿಸಿ ಅವರದಾಗಿಸಬೇಕು ಎಂಬುದನ್ನು ನನಗೆ ಹೇಳಿದವರು ನಮ್ಮ ಮಸೀದಿಯ ಪೇಶ್ ಇಮಾಮ್ ಸಾಹೇಬರು. ನಾನು ಹಣ ಸಂಗ್ರಹಿಸಿ ನೇರವಾಗಿ ಶುಲ್ಕ ಕಟ್ಟುತ್ತಿದ್ದೆ. ಅವರು, "ಟೀಚರ್, ಹಣ ತಾಯಿಯ ಕೈಗೆ ಕೊಡಿ, ಆಕೆ ಕಟ್ಟಲಿ" ಎಂದರು. ಮೊದಲ ವರ್ಷ ನನಗೆ ಅಳುಕಿತ್ತು, ಮನೆಯ ಅಡಚಣೆಗೆ ಹಣ ಕರಗಿದರೆ ಎಂದು. ಇಬ್ಬರ ಮನೆಯಲ್ಲಿ ಕರಗಿತು ಕೂಡ. ಉಳಿದ ಹದಿನಾಲ್ಕು ತಾಯಂದಿರು ಜೀವನದಲ್ಲಿ ಮೊದಲ ಸಲ ಮಗಳ ಜೊತೆ ಪ್ರೌಢಶಾಲೆಯ ಕಚೇರಿಗೆ ಹೋಗಿ, ಕಿಟಕಿಯ ಮುಂದೆ ನಿಂತು, ಹಣ ಎಣಿಸಿ ಕೊಟ್ಟು, ಚೀಟಿ ಇಸಿದುಕೊಂಡು ಬಂದರು. ಧರ್ಮಶಾಸ್ತ್ರದ ಒಂದು ಸೂಕ್ಷ್ಮದಿಂದ ಹೆಣ್ಣುಮಕ್ಕಳು ಕಚೇರಿಯ ಮೆಟ್ಟಿಲು ಹತ್ತಿದ್ದು ನನ್ನ ಭಾಷಣದಿಂದ ಆಗದ ಕೆಲಸ.

ಶಾಲೆ ಬಿಟ್ಟು ಬಹಳ ವರ್ಷವಾದವರನ್ನು ಖಾಸಗಿ ಅಭ್ಯರ್ಥಿಗಳಾಗಿ ಎಸ್ಸೆಸ್ಸೆಲ್ಸಿಗೆ ಕೂರಿಸುತ್ತೇವೆ. ಉರ್ದು ಪ್ರಥಮ ಭಾಷೆಯಾಗಿ 125 ಅಂಕ, ಉಳಿದ ಐದು ವಿಷಯಕ್ಕೆ ತಲಾ 100. ಗಣಿತದಲ್ಲಿ ಬೀಳುವವರೇ ಹೆಚ್ಚು; 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳಿದ್ದದ್ದು ಇವರಿಗೆ ನಿಜವಾದ ಅನುಕೂಲವಾಗಿತ್ತು. ನಮ್ಮ ಕಡೆಯ ತೊಂದರೆ ಒಣದ್ರಾಕ್ಷಿ. ಫೆಬ್ರವರಿಯಿಂದ ಶೆಡ್‌ಗಳಲ್ಲಿ ದ್ರಾಕ್ಷಿಯ ತೊಟ್ಟು ಬಿಡಿಸುವ, ಕಪ್ಪು ಕಾಳು ಆರಿಸುವ ಕೂಲಿ ಶುರುವಾಗುತ್ತದೆ, ಓದಬೇಕಾದ ಎರಡು ತಿಂಗಳೂ ಅದೇ. ದಿನಗೂಲಿ ಬಿಟ್ಟು ಬಾ ಎನ್ನುವ ಹಕ್ಕು ನನಗಿಲ್ಲ. 2024ರಲ್ಲಿ ಪರೀಕ್ಷೆ ಪೂರ್ತಿ, 2025ರಲ್ಲಿ ಬಹುಪಾಲು ರಂಜಾನಿನೊಳಗೇ ಬಂತು. ರೋಜಾ ಹಿಡಿದು ಬಿಸಿಲಲ್ಲಿ ಹೇಗೆ ಬರೆಯುತ್ತಾರೋ ಎಂದು ನಾನು ಹೆದರಿದ್ದೆ. ಆದರೆ ರೋಜಾಕ್ಕೆ ಮುಂಚಿನ ಸೆಹರಿ ಊಟಕ್ಕೆ ಮನೆಯವರೆಲ್ಲ ಎದ್ದು, ನಸುಕಿನ ಫಜರ್ ನಮಾಜಿನ ನಂತರ ಮಲಗಿಬಿಟ್ಟಾಗ ಸಿಗುವ ಎರಡು ಗಂಟೆಯ ನಿಶ್ಶಬ್ದ ಇವರಿಗೆ ವರ್ಷದಲ್ಲಿ ಬೇರೆಂದೂ ಸಿಗುವುದಿಲ್ಲವಂತೆ.

ಹಿಜಾಬ್ ವಿವಾದದ ವೇಳೆ ಬಂದ 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶದ ನಂತರ ನಮ್ಮ ಮೂವರು ಹುಡುಗಿಯರು ಕಾಲೇಜು ಬಿಟ್ಟರು. ಒಬ್ಬಳು ಖಾಸಗಿಯಾಗಿ ಪಿಯುಸಿ ಮುಗಿಸಿ, ಪದವಿ ಪಡೆದು, ಈಗ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಇಬ್ಬರು ಮರಳಲಿಲ್ಲ. ಆಗ ಎರಡೂ ಕಡೆಯಿಂದ ಸಲಹೆ ಕೊಡುವವರು ಬಹಳ ಇದ್ದರು. ಆ ಇಬ್ಬರ ಮನೆಗೆ ಈಗ ಯಾರೂ ಹೋಗುವುದಿಲ್ಲ.

ತಾಯಂದಿರ ಗುಂಪು ಬೆಳೆದದ್ದು 2023ರಲ್ಲಿ, ಗೃಹಲಕ್ಷ್ಮಿಯ 2000 ರೂಪಾಯಿ ಯಜಮಾನಿಯ ಖಾತೆಗೇ ಬರತೊಡಗಿದ ಮೇಲೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಲು ನಾಚಿಕೆಯಾಗುತ್ತದೆ, ಸಹಿ ಕಲಿಸಿ ಎಂದು ಬಂದರು. ಸಹಿ ಬಂದ ಮೇಲೆ ಒಬ್ಬರು ಪೆಟ್ಟಿಗೆಯ ತಳದಿಂದ ತಮ್ಮ ನಿಕಾಹನಾಮೆ, ಅಂದರೆ ಮದುವೆಯ ಒಪ್ಪಂದ ಪತ್ರ, ತಂದು, ಇದರಲ್ಲಿ ನನ್ನ ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣ) ಎಷ್ಟು ಬರೆದಿದೆ, ಓದಿ ಹೇಳಿ ಎಂದರು. ನಾನು ಓದಲಿಲ್ಲ, ಉರ್ದು ಓದಲು ಬರುವ ಮಗಳ ಕೈಗೆ ಕೊಟ್ಟೆ. ಅವಳು ಮೊತ್ತ ಓದಿದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತೆರಡು ವರ್ಷ ಆಯ್ತು, ಒಂದು ಪೈಸಾ ಕಂಡಿಲ್ಲ" ಎಂದು ನಕ್ಕರು. ಮುಂದಿನ ಗುರುವಾರ ನಾಲ್ಕು ನಿಕಾಹನಾಮೆಗಳು ಬಂದವು.

ಅದೇ ತಾಯಿ ಈ ವರ್ಷ ತಾವೂ ಎಸ್ಸೆಸ್ಸೆಲ್ಸಿಗೆ ಕೂರುತ್ತೇನೆಂದು ಹಟ ಹಿಡಿದಿದ್ದಾರೆ. ಅವರ ಶಾಲಾ ದಾಖಲೆ ತೆಗೆಸಿ ನೋಡಿದೆವು. ಜನ್ಮದಿನಾಂಕ ಜೂನ್ 1. ಅಕ್ಷರ ನನ್ನದಲ್ಲ, ನನಗಿಂತ ಹಿಂದಿದ್ದ ಶಿಕ್ಷಕರದು. ಆಧಾರ್‌ನಲ್ಲಿ ಬೇರೆಯೇ ವರ್ಷವಿದೆ. ಸೋಮವಾರ ಎಂಟು ಗಂಟೆಗೆ, ಸೇವಾ ಕೇಂದ್ರದ ಸರದಿ ಉದ್ದವಾಗುವ ಮೊದಲೇ, ಇಬ್ಬರೂ ಹೋಗುವವರಿದ್ದೇವೆ.