ನೀರುದೋಸೆ ಏಳಲಿಲ್ಲ, ಕಾರಣ ಹೇಳಿದ್ದು ಅಯೋಡಿನ್

ಉಡುಪಿಯ ನಮ್ಮ ಮನೆಯಿಂದಲೇ ನೀರುದೋಸೆ ಮಾಡಿ ಆರ್ಡರಿಗೆ ಕೊಡುತ್ತೇನೆ. ಹೋದ ಮಳೆಗಾಲದಲ್ಲಿ ಬೆಳ್ತಿಗೆ ಅಕ್ಕಿಯ ಹೊಸ ಚೀಲ ಬಿಚ್ಚಿದ ದಿನದಿಂದ ದೋಸೆ ಕಾವಲಿ ಬಿಟ್ಟು ಏಳಲೇ ಇಲ್ಲ. ಎಣ್ಣೆ ಜಾಸ್ತಿ ಹಚ್ಚಿದೆ, ನೀರು ಕಮ್ಮಿ ಮಾಡಿದೆ, ಕಾವಲಿಯನ್ನೇ ಬದಲಿಸಿದೆ. ಕೊನೆಗೆ ಅತ್ತೆ ಒಂದು ಮುಷ್ಟಿ ಅಕ್ಕಿ ಬೇಯಿಸಿ, ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿ, "ಇದು ಅಂಟುವ ಅಕ್ಕಿ ಮಾರಾಯ್ತಿ, ದೋಸೆಗಾಗುವುದಿಲ್ಲ" ಅಂದರು.

ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವಳು ನಾನು. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ ಇದೆ, ಎರಡೂ ಗ್ಲುಕೋಸ್ ಮಣಿ ಪೋಣಿಸಿದ ಸರಗಳೇ. ಅಮೈಲೋಸ್ ಹೆಚ್ಚುಕಮ್ಮಿ ಒಂದೇ ಉದ್ದನೆಯ ಸರ, ಅಮೈಲೋಪೆಕ್ಟಿನ್ ಮಾತ್ರ ಪೊದೆಯ ಹಾಗೆ ಕವಲು ಕವಲು. ಅಮೈಲೋಸ್ ಜಾಸ್ತಿ ಇದ್ದರೆ ಅನ್ನ ಉದುರುದುರು, ಕಮ್ಮಿ ಇದ್ದರೆ ಅಂಟಂಟು. ಪಾಯಸಕ್ಕೆ ಹಾಕುವ ಅಂಟಕ್ಕಿಯಲ್ಲಿ ಅದು ಇಲ್ಲವೆಂದೇ ಹೇಳಬಹುದು.

ಪರೀಕ್ಷೆ ಮಾಡಿಯೇ ನೋಡೋಣ ಅನ್ನಿಸಿತು. ಹಳೆಯ ಅಕ್ಕಿಯದ್ದು, ಹೊಸ ಅಕ್ಕಿಯದ್ದು ಒಂದೊಂದು ಚಮಚ ಹಿಟ್ಟು ತೆಗೆದುಕೊಂಡು, ಒಂದೇ ಅಳತೆ ನೀರಲ್ಲಿ ಚೆನ್ನಾಗಿ ಕುದಿಸಿ, ತೆಳಿ ಸೋಸಿ, ಮೆಡಿಕಲ್‌ನಲ್ಲಿ ಸಿಗುವ ಗಾಯದ ಅಯೋಡಿನ್ ಎರಡೆರಡು ಹನಿ ಬಿಟ್ಟೆ. ಬಣ್ಣವೇ ಇಲ್ಲ! ತೆಳಿ ಕುದಿಕುದಿ ಇತ್ತು, ಅದೇ ತಪ್ಪು. ಅಮೈಲೋಸ್ ಸರ ಸ್ಪ್ರಿಂಗ್ ಥರ ಸುತ್ತಿಕೊಂಡಾಗ ಅಯೋಡಿನ್ ಅದರ ಒಳಗೆ ಹೋಗಿ ಕೂರುತ್ತದೆ, ಆಗಲೇ ನೀಲಿ ಬರುವುದು. ಬಿಸಿಗೆ ಅದು ಅಲ್ಲಿ ನಿಲ್ಲುವುದಿಲ್ಲ. ಲೋಟಗಳನ್ನು ತಣ್ಣೀರಲ್ಲಿಟ್ಟೆ. ಹಳೆಯ ಅಕ್ಕಿಯ ತೆಳಿ ಕಡುನೀಲಿಯಾಯಿತು, ಹೊಸತು ನೇರಳೆ ಕಡೆಗೆ ಹೋಗಿ ಮಸುಕಾಗಿಯೇ ಉಳಿಯಿತು, ಅಂದರೆ ಅದರಲ್ಲಿ ಅಮೈಲೋಸ್ ಕಮ್ಮಿ. ಅತ್ತೆಯ ಬೆರಳು ಹೇಳಿದ್ದೂ ಇದನ್ನೇ ಅಲ್ವಾ?

ಈಗ ಯಾವುದೇ ಅಕ್ಕಿ ಇರಲಿ, ಮೊದಲು ಒಂದು ಕಿಲೋ ತಂದು ಹೀಗೆ ನೋಡಿದ ಮೇಲೆಯೇ ಚೀಲ ತರುವುದು. ಹಿಟ್ಟನ್ನು ಪ್ರತಿ ಸೌಟಿಗೂ ತಳದಿಂದ ಕಲಕುತ್ತೇನೆ. ಹಸಿ ಪಿಷ್ಟ ತಣ್ಣೀರಲ್ಲಿ ಕರಗುವುದಿಲ್ಲ, ಸುಮ್ನೆ ಬಿಟ್ಟರೆ ತಳ ಹಿಡಿಯುತ್ತದೆ, ಮೇಲಿನ ದೋಸೆ ಬರೀ ನೀರು, ಕೊನೆಯದ್ದು ದಪ್ಪ.

ಆದರೆ ಅಮೈಲೋಸ್ ಜಾಸ್ತಿಯಾದರೆ ಇನ್ನೊಂದು ತಾಪತ್ರಯ ಇದೆ. ಆರಿದ ಮೇಲೆ ಆ ಸರಗಳು ಮತ್ತೆ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ದೋಸೆ ಬಿರುಸಾಗುತ್ತದೆ. ಫ್ರಿಜ್ಜಲ್ಲಿಟ್ಟರಂತೂ ಇನ್ನೂ ಬೇಗ. ಅದಕ್ಕೇ ತೆಂಗಿನಕಾಯಿ ಸೇರಿಸಿ ರುಬ್ಬುತ್ತೇನೆ. ಅಯೋಡಿನ್ ಕೂರುವ ಆ ಸುರುಳಿಯೊಳಗೆ ಕೊಬ್ಬಿನ ಆಮ್ಲವೂ ಕೂರಬಲ್ಲದು, ಆಗ ಸರಗಳು ಅಷ್ಟು ಸುಲಭಕ್ಕೆ ಒತ್ತಿಕೊಳ್ಳುವುದಿಲ್ಲ. ನನ್ನ ಕೈಯಲ್ಲಂತೂ ಕಾಯಿ ಹಾಕಿದ ದೋಸೆ ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಸಂಜೆಯ ಆರ್ಡರಿನದ್ದು ಬಿರುಸಾದರೆ ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗಿಟ್ಟು, ಬಿಸಿ ಇರುವಾಗಲೇ ಡಬ್ಬಿಗೆ ಹಾಕುತ್ತೇನೆ.