ನನ್ನ ಹೊಟ್ಟೆ ದಾರಿಗೆ ಬಂದದ್ದು ಹೀಗೆ

ಹೋದ ತಿಂಗಳು ಶಿವಮೊಗ್ಗದಿಂದ ಬೆಂಗಳೂರಿಗೆ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋದೆ. ಒಂಬತ್ತು ವರ್ಷದಲ್ಲಿ ಇದೇ ಮೊದಲು. ಅಲ್ಲಿಯವರೆಗೆ ಬಾಗಿಲ ಹತ್ತಿರದ ಸೀಟೇ ಬೇಕಿತ್ತು. ಯಾಕೆ ಅಂತ ಐಬಿಎಸ್ (ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಟ್ಟೆನೋವು, ಉಬ್ಬರ, ಭೇದಿ ಕಾಡುವ ಕರುಳಿನ ತೊಂದರೆ) ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಅರಸೀಕೆರೆಯಲ್ಲಿ ಎರಡು ಇಡ್ಲಿ ತಿಂದೆ. ತುಮಕೂರು ದಾಟಿದರೂ ಹೊಟ್ಟೆ ಸುಮ್ಮನಿತ್ತು. ನನ್ನ ಹೊಟ್ಟೆಯ ಚಿಕಿತ್ಸೆಗೆ "ಇದೆಲ್ಲ ಆಗೋ ಮಾತಲ್ಲ, ಸುಮ್ನೆ ದುಡ್ಡು ಹಾಳು" ಎಂದಿದ್ದ ಭಾವನವರಿಗೆ ರೈಲಿನಿಂದಲೇ ಫೋನ್ ಮಾಡಿ ಹೇಳಿದೆ.

ದುಡ್ಡು ಹಾಳಾದದ್ದು ನಿಜ. ನೆನಪಿನಿಂದ ಹೇಳುವುದಾದರೆ ಒಟ್ಟು ಎರಡೂಕಾಲು ಲಕ್ಷ. ಎರಡು ಸಲ ಎಂಡೋಸ್ಕೋಪಿ. ಎರಡು ವರ್ಷ ಬೆಳಿಗ್ಗೆ ಎದ್ದು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ. ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಅಂತ ಹದಿನಾಲ್ಕು ದಿನದ ಆಂಟಿಬಯಾಟಿಕ್ ಕೋರ್ಸ್, ಅದರಿಂದ ಎದೆಯುರಿ ಹೋಯಿತು, ಉಬ್ಬರ ಹೋಗಲಿಲ್ಲ. ಆಮೇಲೆ ಬೆರಳು ಚುಚ್ಚಿ ರಕ್ತ ತೆಗೆದು "ನಿಮಗೆ ಆಗದ ಆಹಾರ" ಹೇಳುವ ಐಜಿಜಿ ಪರೀಕ್ಷೆಗೆ ಹದಿನಾಲ್ಕು ಸಾವಿರ ಕೊಟ್ಟೆ. ಮೂವತ್ತೆಂಟು ಪದಾರ್ಥ ಕೆಂಪು ಬಣ್ಣದಲ್ಲಿ ಬಂದವು. ಅದರಲ್ಲಿ ನಾನು ದಿನಾ ತಿನ್ನುತ್ತಿದ್ದುದೆಲ್ಲ ಇತ್ತು. ತಿನ್ನುವ ಆಹಾರಕ್ಕೆ ರಕ್ತದಲ್ಲಿ ಐಜಿಜಿ ಎಂಬ ಪ್ರತಿಕಾಯ ಇರುವುದು ಸಹಜ, ಅದು ಆಗಿಬರದಿರುವುದರ ಗುರುತಲ್ಲ ಅಂತ ಆಮೇಲೆ ಗೊತ್ತಾಯಿತು. ಆ ಹದಿನಾಲ್ಕು ಸಾವಿರಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕಿಂತ ಕೆಟ್ಟದ್ದು ಫೋನಿನಲ್ಲಿ ಮಾರುವ ಒಂದು ಚೂರ್ಣ. ತಿಂಗಳಿಗೆ ಮೂರೂವರೆ ಸಾವಿರ, ಮೂರು ತಿಂಗಳು. "ಕರುಳು ಶುದ್ಧಿಯಾಗುತ್ತಿದೆ" ಎನ್ನುತ್ತಿದ್ದರು. ನನಗೋ ದಿನಕ್ಕೆ ಏಳು ಸಲ ಓಡಾಟ, ತೂಕ ಐದು ಕೆಜಿ ಇಳಿಯಿತು. ಡಬ್ಬಿಯ ಮೇಲೆ ಏನಿದೆ ಅಂತ ಬರೆದೇ ಇರಲಿಲ್ಲ. ನಮ್ಮೂರಿನ ವೈದ್ಯರು ಮೂಸಿ, ನಾಲಿಗೆಗೆ ಹಚ್ಚಿ, "ಇದರಲ್ಲಿ ಸೋನಾಮುಖಿ ಇದೆಯಮ್ಮಾ" ಎಂದರು. ಮೊದಲೇ ಭೇದಿ ಇರುವವಳಿಗೆ ಭೇದಿ ಮಾತ್ರೆ ತಿನ್ನಿಸಿದ ಹಾಗೆ.

ಇಪ್ಪತ್ತೊಂದು ದಿನದ ಪಂಚಕರ್ಮವೂ ಆಯಿತು, ನಲವತ್ತೈದು ಸಾವಿರ. ಅಲ್ಲಿದ್ದಷ್ಟು ದಿನ ಸ್ವರ್ಗ. ಮನೆಗೆ ಬಂದ ಹತ್ತೇ ದಿನಕ್ಕೆ ಮತ್ತೆ ಮೊದಲಿನಂತೆ. ಎಣ್ಣೆಯ ಪ್ರಭಾವ ಇಳಿದುಹೋಯಿತು ಅಂದುಕೊಂಡೆ. ಅಲ್ಲಿ ಮೂರು ಹೊತ್ತೂ ಗಂಜಿ, ಹೆಸರುಬೇಳೆ ಕಟ್ಟು ಕೊಡುತ್ತಿದ್ದರು, ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸುತ್ತಿರಲಿಲ್ಲ. ಅದರ ಕಡೆ ನನ್ನ ಗಮನವೇ ಹೋಗಲಿಲ್ಲ.

ಗಮನ ಹೋದದ್ದು ಅತ್ತೆಯವರ ಚಾತುರ್ಮಾಸ್ಯದಿಂದ. ಅವರು ನಾಲ್ಕೂ ತಿಂಗಳು ವ್ರತ ಹಿಡಿಯುವವರು. ತಿಂಗಳಿಗೊಂದು ಬಿಡುವುದು: ಮೊದಲು ಶಾಕ (ತರಕಾರಿ), ಆಮೇಲೆ ದಧಿ (ಮೊಸರು), ಕ್ಷೀರ (ಹಾಲು), ಕೊನೆಗೆ ದ್ವಿದಳ (ಬೇಳೆಕಾಳು). ಆ ವರ್ಷ ದ್ವಿದಳದ ತಿಂಗಳು ನನಗೆ ಅಡುಗೆ ಮಾಡುವ ತ್ರಾಣ ಇರಲಿಲ್ಲ, ಅವರು ಮಾಡಿದ್ದನ್ನೇ ಉಂಡೆ. ಬೇಳೆ ಇಲ್ಲ, ಕಾಳು ಇಲ್ಲ, ಈರುಳ್ಳಿ ಅಂತೂ ಇಲ್ಲವೇ ಇಲ್ಲ. ಅನ್ನ, ತೆಂಗಿನಕಾಯಿ, ಕಣ್ಣಲ್ಲಿ ನೀರು ಬರುವಷ್ಟು ಕಾಳುಮೆಣಸಿನ ಸಾರು. ಎರಡನೇ ವಾರಕ್ಕೆ ಸೀರೆ ನೆರಿಗೆ ಬಿಗಿಯಾಗುವುದು ನಿಂತಿತು. ಎಲ್ಲರೂ "ಖಾರ ಬಿಡು" ಅನ್ನುತ್ತಿದ್ದರು. ಖಾರ ತಿಂದೇ ಹೊಟ್ಟೆ ಸರಿ ಇತ್ತಲ್ವಾ!

ಆದರೆ ಒಟ್ಟಿಗೆ ಹತ್ತು ಬಿಟ್ಟರೆ ಯಾವುದು ಕಳ್ಳ ಅಂತ ಗೊತ್ತಾಗಲ್ಲ. ಆಗ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ತಿಂದದ್ದು, ಗಂಟೆ, ಹೊಟ್ಟೆಯ ಸ್ಥಿತಿ, ನಿದ್ದೆ, ಮುಟ್ಟಿನ ದಿನಗಳು. ಅದನ್ನು ಹಿಡಿದುಕೊಂಡು ಮಂಗಳೂರಿನ ಒಬ್ಬ ಕರುಳು ತಜ್ಞರ ಹತ್ತಿರ ಹೋದೆ. ಅವರು ಇಪ್ಪತ್ತು ನಿಮಿಷ ಓದಿದರು. ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ, ಥೈರಾಯ್ಡ್, ಕರುಳಿನ ಉರಿಯೂತ ನೋಡುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಬರೆದರು. ತೂಕ ಇಳಿದದ್ದಕ್ಕೆ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲನೋಸ್ಕೋಪಿಯೂ ಆಗಲಿ ಎಂದರು. ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ. ನನ್ನ ಎರಡೂಕಾಲು ಲಕ್ಷದಲ್ಲಿ ಸಾರ್ಥಕವಾದ ಹದಿನೆಂಟು ಸಾವಿರ ಇದು. ಈ ಪರೀಕ್ಷೆ ಮಾಡಿಸದೆ ಯಾರೂ ನನ್ನ ದಾರಿ ಹಿಡಿಯಬೇಡಿ. ಮಲದಲ್ಲಿ ರಕ್ತ, ಇಳಿಯುತ್ತಿರುವ ತೂಕ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರಂತೂ ಮೊದಲು ಆಸ್ಪತ್ರೆ.

ಎಲ್ಲವೂ ಸರಿ ಇತ್ತು, ಐಬಿಎಸ್ ಎಂದರು. ರಾತ್ರಿಗೆ ಹತ್ತು ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದರು. ಖಿನ್ನತೆಯ ಮಾತ್ರೆ ನನಗ್ಯಾಕೆ ಅಂತ ಹದಿನೈದು ದಿನ ಡಬ್ಬಿ ತೆರೆಯಲಿಲ್ಲ. ಮತ್ತೆ ಹೋಗಿ ಕೇಳಿದಾಗ, ಇಷ್ಟು ಕಡಿಮೆ ಪ್ರಮಾಣದಲ್ಲಿ ಅದು ಕರುಳಿನ ನರಗಳ ನೋವು ತಗ್ಗಿಸಲಿಕ್ಕೆ ಎಂದು ತಾಳ್ಮೆಯಿಂದ ಹೇಳಿದರು. ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಮಂಪರು. ಮೂರನೇ ವಾರಕ್ಕೆ ಹೊಟ್ಟೆ ಹಿಡಿದುಕೊಳ್ಳುವುದು ಕಡಿಮೆಯಾಯಿತು. ಜೊತೆಗೆ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರ ಫಾಡ್‌ಮ್ಯಾಪ್ (ಸರಿಯಾಗಿ ಜೀರ್ಣವಾಗದೆ ಕರುಳಿನಲ್ಲಿ ಹುದುಗಿ ಗಾಳಿ ಎಬ್ಬಿಸುವ ಸಕ್ಕರೆ ಅಂಶಗಳು) ಪದ್ಧತಿಯ ಪಟ್ಟಿ ಕೊಟ್ಟರು. ಅಂಥ ಆಹಾರ ಆರು ವಾರ ಬಿಡುವುದು, ಆಮೇಲೆ ಒಂದೊಂದಾಗಿ ಸೇರಿಸುವುದು. ಪಟ್ಟಿಯಲ್ಲಿ ಬ್ರೊಕೊಲಿ ಇತ್ತು, ನಮ್ಮ ಅಲಸಂದೆ ಇರಲಿಲ್ಲ. ನಮ್ಮ ಅಡುಗೆಮನೆಗೆ ತಕ್ಕ ಪಟ್ಟಿಯನ್ನು ನಾನೇ ಮಾಡಿಕೊಂಡೆ.

ಅದೇ ನೋಟ್‌ಬುಕ್ಕನ್ನು ನಮ್ಮೂರ ಆಯುರ್ವೇದ ವೈದ್ಯರ ಮುಂದೆಯೂ ಇಟ್ಟೆ. ಒಂದು ಸಲಕ್ಕೆ ಒಂದೇ ಔಷಧ ಕೊಡಿ, ಲೋಹ ಸುಟ್ಟು ಮಾಡುವ ಭಸ್ಮ ಬೇಡ, ಹೆಸರು ಬರೆದುಕೊಡಿ ಎಂದೆ. ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಒಪ್ಪಿದರು. ಇಂಗು ಸೇರಿದ ಹಿಂಗ್ವಾಷ್ಟಕ ಚೂರ್ಣ, ತುಪ್ಪದಲ್ಲಿ ಕಲಸಿ ಮೊದಲ ತುತ್ತಿಗೆ. ಬೆಣ್ಣೆ ತೆಗೆದ ಮಜ್ಜಿಗೆ ಊಟದ ಕೊನೆಗೆ. ಏನು ಕೊಟ್ಟಿದ್ದಾರೆ ಅಂತ ಮಂಗಳೂರಿನವರಿಗೂ ತಿಳಿಸಿದೆ, ಅವರು ಆಗಲಿ ಎಂದರು. ಇಬ್ಬರಿಗೂ ಒಂದೇ ಪುಟ ಕಂಡದ್ದರಿಂದಲೇ ಕೆಲಸ ಆಯಿತು ಅಂತ ನನ್ನ ನಂಬಿಕೆ.

ಆದರೂ ನಾಲ್ಕನೇ ವಾರ ಮತ್ತೆ ಉಬ್ಬರ. ಎರಡು ದಿನ ಪುಟ ತಿರುವಿದೆ, ಏನೂ ಸಿಗಲಿಲ್ಲ. ಮೂರನೇ ದಿನ ಒಗ್ಗರಣೆಗೆ ಇಂಗಿನ ಡಬ್ಬಿ ಎತ್ತಿದವಳು ಅದರ ಹಿಂಬದಿ ಓದಿದೆ. ಅರೇಬಿಕ್ ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು! ಗೋಧಿ ಬಿಟ್ಟು ತಿಂಗಳಾಗಿದ್ದರೂ ಮೂರು ಹೊತ್ತು ಒಗ್ಗರಣೆಯಲ್ಲಿ ಹಾಕಿಕೊಳ್ಳುತ್ತಿದ್ದೆ. ಚಿಟಿಕೆಯಿಂದ ಅಷ್ಟಾಗುತ್ತದೆಯೇ ಎಂದು ವೈದ್ಯರಿಗೆ ಅನುಮಾನ. ನಾನು ಮಾತ್ರ ಗಾಂಧಿಬಜಾರಿನಲ್ಲಿ ಹಿಟ್ಟು ಬೆರೆಸದ ಗಟ್ಟಿ ಇಂಗು ಹುಡುಕಿ ತಂದೆ. ಹತ್ತು ಗ್ರಾಂಗೆ ಮುನ್ನೂರರ ಮೇಲಾಯಿತು. ತುಪ್ಪದಲ್ಲಿ ಹುರಿದು ಕುಟ್ಟಿಟ್ಟುಕೊಂಡೆ. ನಾಲ್ಕು ದಿನಕ್ಕೆ ಹೊಟ್ಟೆ ಇಳಿಯಿತು.

ಆಮೇಲೆ ಪ್ರಯೋಗದ ಹುಚ್ಚು ಹತ್ತಿತು. ಬೆಳ್ಳುಳ್ಳಿಯಲ್ಲಿ ತೊಂದರೆ ಕೊಡುವ ಅಂಶ ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡಲ್ಲ. ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದುಹಾಕಿ, ಅದೇ ಎಣ್ಣೆಯಲ್ಲಿ ಒಗ್ಗರಣೆ ಮಾಡಿದೆ. ಘಮ ಬಂತು, ಹೊಟ್ಟೆ ಸುಮ್ಮನಿತ್ತು. (ಆ ಎಣ್ಣೆ ಇಟ್ಟುಕೊಳ್ಳಬೇಡಿ, ಅಂದಂದೇ ಬಳಸಿ, ಕೆಡುತ್ತದೆ.) ಈರುಳ್ಳಿ ಗೆಡ್ಡೆ ಆಗಲಿಲ್ಲ, ಈರುಳ್ಳಿ ಸೊಪ್ಪಿನ ಹಸಿರು ಭಾಗ ಆಯಿತು. ಏಲಕ್ಕಿ ಬಾಳೆ ಸ್ವಲ್ಪ ಕಾಯಿ ಇದ್ದಾಗ ಎರಡು ತಿನ್ನಬಹುದು, ಚುಕ್ಕೆ ಬಿದ್ದ ಮೇಲೆ ಒಂದೂ ಬೇಡ. ಚಪಾತಿ ಒಂದಾದರೆ ಸರಿ, ಮೂರಾದರೆ ಗಲಾಟೆ. ಕಾಫಿಗೆ ಹಾಲು ಪರವಾಗಿಲ್ಲ, ಲೋಟ ಹಾಲು ಬೇಡ. ತೊಗರಿಬೇಳೆಯನ್ನು ರಾತ್ರಿ ನೆನೆಸಿ, ನೀರು ಚೆಲ್ಲಿ ಬೇಯಿಸಿದರೆ ಅರ್ಧ ಬಟ್ಟಲು ಹುಳಿ ದಕ್ಕುತ್ತದೆ. ಈರುಳ್ಳಿ ಇಲ್ಲದ ಆ ಹುಳಿಗೆ ನಾನು ಹಾಕುವ ಪುಡಿಯೇ ಬೇರೆ. ನೆಂಟರು ಕೇಳಿ ಕೇಳಿ ಹಾಕಿಸಿಕೊಳ್ಳುತ್ತಾರೆ. ತಂಗಿ ಅದನ್ನು ಮಾಡಿ ಮಾರುವ ಯೋಚನೆಯಲ್ಲಿದ್ದಾಳೆ, ಹಾಗಾಗಿ ಅಳತೆ ಸದ್ಯಕ್ಕೆ ನಮ್ಮಲ್ಲೇ ಇರಲಿ.

ರಾತ್ರಿಯ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ಹನ್ನೊಂದು ತಿಂಗಳ ಮೇಲೆ ವೈದ್ಯರೇ ನಿಲ್ಲಿಸಿದರು. ಚೂರ್ಣ ಈಗ ಮದುವೆ ಊಟದ ದಿನಕ್ಕೆ ಮಾತ್ರ. ಐದು ಕೆಜಿಯಲ್ಲಿ ನಾಲ್ಕು ವಾಪಸ್ ಬಂದಿದೆ.

ಬಾಕಿ ಇರುವುದು ಅವರೆಕಾಳು. ಕಳೆದ ಜನವರಿಯಲ್ಲಿ ರಾತ್ರಿಯಿಡೀ ನೆನೆಸಿ, ಹಿತುಕಿ, ಎರಡು ನೀರು ಚೆಲ್ಲಿ ಬೇಯಿಸಿದೆ. ಆರು ಚಮಚ ದಕ್ಕಿತು. ಹತ್ತು ಚಮಚಕ್ಕೆ ರಾತ್ರಿಯೆಲ್ಲ ಜಾಗರಣೆ. ಈ ಸಲ ಸೊಗಡಿನ ಅವರೆ ಬಂದ ಕೂಡಲೇ ಎಂಟರಿಂದ ಶುರು ಮಾಡುತ್ತೇನೆ, ಪುಟ ಗೆರೆ ಹಾಕಿ ಇಟ್ಟಿದ್ದೇನೆ.