ಮೊದಲು ಸೋಫಾ ಮಗುಚಿ ಹಾಕಿ

ನಾವು ನಾಲ್ಕು ಜನ ಸೇರಿ ಇರುವ ಮನೆಯ ಹಾಲ್‌ನಲ್ಲಿ ಮೂರು ಸೀಟಿನ ಒಂದು ಸೋಫಾ ಇದೆ. ಅದು ನಮ್ಮಲ್ಲಿ ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ ಸೋಫಾ ಅಂದ್ರೆ ಗೊತ್ತಲ್ಲ, ಎಲ್ಲರೂ ಅದರ ಮೇಲೆ ಬೀಳುತ್ತಾರೆ, ಒಬ್ಬರೂ ಒರೆಸುವುದಿಲ್ಲ. ನಡುವಿನ ಸೀಟಂತೂ ಗುಂಡಿಯಾಗಿತ್ತು. ಅಲ್ಲಿ ಕೂತವರು ಏಳಬೇಕಾದರೆ ಪಕ್ಕದವರು ಕೈ ಕೊಡಬೇಕಿತ್ತು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಒಂದು ಒಳ್ಳೆ ಬೆಡ್‌ಶೀಟ್ ತಂದು ಹೊದಿಸಿದೆ. ಸಂಜೆಯೊಳಗೆ ಅದು ಜಾರಿ ನಡುವಿನ ಗುಂಡಿಯಲ್ಲಿ ಮುದ್ದೆಯಾಗಿತ್ತು. ಆಮೇಲೆ ಅರ್ಥವಾಯಿತು, ಬಟ್ಟೆ ಕೊನೆಯ ಕೆಲಸ. ಸೋಫಾ ಹಾಳಾಗಿರುವುದು ಕೆಳಗೆ.

ಶುರು ಮಾಡುವ ಮುಂಚೆ ಮನೆಯವರನ್ನೆಲ್ಲ ಒಂದು ಮಾತು ಕೇಳಿ. ಸೋಫಾ ಮನೆ ಮಾಲೀಕರದ್ದಾದರೆ ಅವರನ್ನೂ ಕೇಳಿ. ಅವರು ಒಪ್ಪದಿದ್ದರೆ ಮೊಳೆ, ಗೋಂದು ಯಾವುದೂ ಬೇಡ. ಬೇಕೆಂದಾಗ ಬಿಚ್ಚಿ ತೆಗೆಯುವಂಥ ಕೆಲಸ ಮಾತ್ರ ಮಾಡಿ.

ಈಗ ಕುಶನ್‌ಗಳನ್ನು ತೆಗೆದು, ಸಂದಿಯೊಳಗೆ ಕೈ ಹಾಕಿ. ನಮಗೆ ಸಿಕ್ಕಿದ್ದು ಮೂರು ಪೆನ್ನು, ಒಂದು ಸಾಕ್ಸು, ಯಾರೂ ತಮ್ಮದು ಅಂತ ಒಪ್ಪಿಕೊಳ್ಳದ ಒಂದು ಬಾಚಣಿಗೆ. ಹಾಗೇ ಟಾರ್ಚ್ ಹಿಡಿದು ಹೊಲಿಗೆಯ ಗೆರೆಗಳನ್ನು ನೋಡಿ. ಇಂಕಿನ ಚುಕ್ಕೆಯಂಥ ಸಣ್ಣ ಕಪ್ಪು ಕಲೆಗಳಿದ್ದರೆ ತಿಗಣೆ ಇರಬಹುದು. ಹಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಅದಕ್ಕೆ ಮದ್ದು ಮಾಡಿಸಿ. ಮೇಲೆ ಹೊಸ ಬಟ್ಟೆ ಹೊದಿಸಿದರೆ ತಿಗಣೆಗೆ ಮನೆ ಕಟ್ಟಿಕೊಟ್ಟ ಹಾಗೆ.

ಆಮೇಲೆ ಇಬ್ಬರು ಹಿಡಿದು ಸೋಫಾ ಮಗುಚಿ ಹಾಕಿ. ಅಡಿಯಲ್ಲಿ ಪಿನ್ನು ಹೊಡೆದ ತೆಳು ಕಪ್ಪು ಬಟ್ಟೆ ಇರುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಪಿನ್ನುಗಳನ್ನು ಮೀಟಿ ಎಬ್ಬಿಸಿ, ಬಟ್ಟೆಯನ್ನು ಹರಿಯದೆ ಬಿಡಿಸಿ. ಒಳಗೆ ಸಾಮಾನ್ಯವಾಗಿ ಹಾವಿನ ಹಾಗೆ ಬಳುಕಿದ ಸ್ಪ್ರಿಂಗು ಇರುತ್ತದೆ, ಇಲ್ಲವೇ ಅಗಲವಾದ ಎಲಾಸ್ಟಿಕ್ ಪಟ್ಟಿ. ನಮ್ಮದರಲ್ಲಿ ಎರಡು ಸ್ಪ್ರಿಂಗು ಕ್ಲಿಪ್ಪಿನಿಂದ ಕಳಚಿ ನೇತಾಡುತ್ತಿದ್ದವು. ವರ್ಷಗಟ್ಟಲೆ ನಾವು ಬೈಯುತ್ತಿದ್ದ ಗುಂಡಿ ಅಷ್ಟೇ! ಇಕ್ಕಳದಲ್ಲಿ ಎಳೆದು ಮತ್ತೆ ಸಿಕ್ಕಿಸಿದೆ. ಸ್ಪ್ರಿಂಗು ಕೈತಪ್ಪಿದರೆ ಮುಖಕ್ಕೇ ಹಾರುತ್ತದೆ, ಕನ್ನಡಕ, ಗ್ಲೌಸ್ ಇರಲಿ. ಪಟ್ಟಿ ಸಡಿಲವಾಗಿದ್ದರೆ ಹಳೆಯದರ ಪಕ್ಕದಲ್ಲೇ ಹೊಸ ಪಟ್ಟಿಯನ್ನು ಬಿಗಿಯಾಗಿ ಎಳೆದು ಮರಕ್ಕೆ ಸ್ಟೇಪಲ್ ಗನ್‌ನಿಂದ ಹೊಡೆಯಿರಿ. ಕಾಲುಗಳ ಸ್ಕ್ರೂಗಳನ್ನೂ ಬಿಗಿ ಮಾಡಿಬಿಡಿ.

ಇದು ಯಾವುದೂ ಆಗದಿದ್ದರೆ ಕುಶನ್ ಕೆಳಗೆ 12 ಮಿ.ಮೀ. ಪ್ಲೈವುಡ್ ಹಾಕಬಹುದು. ಸೀಟಿಗಿಂತ ಎಲ್ಲ ಕಡೆ 2 ಸೆಂ.ಮೀ. ಚಿಕ್ಕದಿರಲಿ. ಮೂಲೆ ಗುಂಡಗೆ ಮಾಡಿ, ಅಂಚಿಗೆ ಮರಳು ಕಾಗದ ಉಜ್ಜಿ. ಆದರೆ ಕೂರಲು ಸ್ವಲ್ಪ ಗಟ್ಟಿ ಆಗುತ್ತದೆ. ಸ್ಪ್ರಿಂಗು ಸರಿಹೋದರೆ ನಾನಂತೂ ಹಲಗೆ ಹಾಕುವುದಿಲ್ಲ.

ಇನ್ನು ಫೋಮು. ಕುಶನ್ನಿನಿಂದ ಹೊರತೆಗೆದು ಮೊಣಕಾಲಿನಿಂದ ಒತ್ತಿ. ಒತ್ತಿದ ಗುರುತು ನಿಧಾನವಾಗಿ ಮೇಲೆದ್ದರೆ ಅದರ ಜೀವ ಮುಗಿಯುತ್ತಾ ಬಂದಿದೆ ಅಂತ. ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಅದಲು ಬದಲು ಮಾಡಿ ನೋಡಿ. ನಾವು ನಡುವಿನ ಸತ್ತ ಫೋಮನ್ನು, ಯಾರೂ ಜಾಸ್ತಿ ಕೂರದ ಮೂಲೆ ಸೀಟಿಗೆ ಕಳಿಸಿದೆವು. ಅಲ್ಲಿದ್ದದ್ದು ನಡುವಿಗೆ ಬಂತು. ಮೇಲೊಂದು ಸುತ್ತು ಹತ್ತಿಯಂಥ ತೆಳು ಪಾಲಿಯೆಸ್ಟರ್ ಹಾಸು ಸುತ್ತಿದರೆ ಕುಶನ್ ಮತ್ತೆ ಉಬ್ಬುತ್ತದೆ. ಉಬ್ಬಿದ್ದು ಕವರಿನೊಳಗೆ ಹೋಗುವುದಿಲ್ಲ ಅಂತ ಒದ್ದಾಡಬೇಡಿ. ದೊಡ್ಡ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ವ್ಯಾಕ್ಯೂಮ್‌ನಿಂದ ಗಾಳಿ ಎಳೆದರೆ ಚಪ್ಪಟೆಯಾಗುತ್ತದೆ. ಸರಕ್ಕನೆ ತೂರಿಸಿ, ಚೀಲ ಎಳೆದುಕೊಳ್ಳಿ.

ವಾಸನೆಗೆ ಅಡುಗೆ ಸೋಡಾ ಉದುರಿಸಿ, ಕೆಲವು ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿ. ಜಿಪ್ಪಿನ ಕವರುಗಳನ್ನು ತಣ್ಣೀರಲ್ಲಿ ಒಗೆಯಿರಿ, ಮುಂಚೆ ಹಿಂದಿನ ಮೂಲೆಯಲ್ಲಿ ಬಣ್ಣ ಬಿಡುತ್ತದಾ ನೋಡಿ. ರೆಕ್ಸಿನ್ ಸಿಪ್ಪೆ ಏಳುತ್ತಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ, ಬಣ್ಣದ ಸಮೇತ ಸಿಪ್ಪೆ ಏಳುತ್ತದೆ. ಸಡಿಲವಾದದ್ದನ್ನು ಅಂಟು ಟೇಪಿನಿಂದ ತೆಗೆದು, ದಪ್ಪ ಬಟ್ಟೆ ಹೊದಿಸುವುದೇ ದಾರಿ.

ಈಗ ಬಟ್ಟೆ. ಇಡೀ ಸೋಫಾಗೆ ಒಂದೇ ಹೊದಿಕೆ ಬೇಡ, ಇದು ನನ್ನ ಹಟ. ಪ್ರತಿ ಕುಶನ್ನಿಗೆ ಬೇರೆ, ಒರಗುವ ಕಡೆಗೆ ಬೇರೆ, ಕೈಗಳಿಗೆ ಬೇರೆ. ನಾಲ್ಕು ಜನರ ಮನೆಯಲ್ಲಿ ಯಾರಾದರೂ ಏನಾದರೂ ಚೆಲ್ಲೇ ಚೆಲ್ಲುತ್ತಾರೆ, ಆಗ ಅದೊಂದನ್ನೇ ಒಗೆದರೆ ಸಾಕು.

ದಪ್ಪ ಹತ್ತಿ ಬೆಡ್‌ಶೀಟ್ ಆಗುತ್ತದೆ. ಬೆಳಕಿಗೆ ಹಿಡಿದಾಗ ಆಚೆ ಬದಿ ಕಾಣಿಸುವಷ್ಟು ತೆಳುವಾಗಿದ್ದರೆ ಬಿಟ್ಟುಬಿಡಿ. ಕತ್ತರಿಸುವ ಮುಂಚೆ ಒಂದು ಸಲ ಒಗೆದು ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಬಣ್ಣದ ಬಗ್ಗೆ ನಮ್ಮಲ್ಲಿ ಎರಡು ಸಂಜೆ ಜಗಳ ನಡೆಯಿತು. ಕಪ್ಪಿನ ಮೇಲೆ ಧೂಳು, ಕೂದಲು ಕಾಣುತ್ತದೆ, ಬಿಳಿಯ ಮೇಲೆ ಎಲ್ಲವೂ ಕಾಣುತ್ತದೆ. ಕೊನೆಗೆ ಗಿಜಿಗಿಜಿ ಡಿಸೈನಿನ ಬೂದು ಬಣ್ಣ ಗೆದ್ದಿತು. ಕಲೆ ಅದರೊಳಗೇ ಕಳೆದುಹೋಗುತ್ತದೆ.

ಅಳತೆ ಹೀಗೆ: ಕುಶನ್ 60 ಸೆಂ.ಮೀ. ಚೌಕ, 12 ಸೆಂ.ಮೀ. ದಪ್ಪ ಅಂದುಕೊಳ್ಳಿ. 60ಕ್ಕೆ ಎರಡು ಬದಿಯ ದಪ್ಪ 24 ಸೇರಿಸಿ, ಅಡಿಗೆ ಮಡಚಲು ಆ ಕಡೆ 15, ಈ ಕಡೆ 15. ಒಟ್ಟು 114 ಸೆಂ.ಮೀ. ಚೌಕದ ಬಟ್ಟೆ ಬೇಕು. ಉಡುಗೊರೆ ಪೊಟ್ಟಣ ಕಟ್ಟುವ ಹಾಗೆ ಮೂಲೆ ಮಡಚಿ, ಅಡಿಯಲ್ಲಿ ದಪ್ಪ ದಾರದಿಂದ ಉದ್ದುದ್ದ ಹೊಲಿಗೆ ಹಾಕಿ. ಸೇಫ್ಟಿ ಪಿನ್ನು ಬೇಗ ಆಗುತ್ತದೆ ನಿಜ, ನಾನೂ ಹಾಕಿದ್ದೆ. ಮೂರನೇ ದಿನ ಒಂದು ಬಿಚ್ಚಿಕೊಂಡು ಗೆಳೆಯನಿಗೆ ಚುಚ್ಚಿತು. ಆ ರಾತ್ರಿಯೇ ಕೂತು ಹೊಲಿದೆ.

ಒರಗುವ ಕಡೆಯ ಬಟ್ಟೆ ಜಾರದಿರಲು ಸೀಟಿನ ಹಿಂದಿನ ಸಂದಿಗೆ 20 ಸೆಂ.ಮೀ. ಜಾಸ್ತಿ ಬಿಟ್ಟು ತುರುಕಿ. ಅದರ ಮೇಲೆ ಬಿಗಿಯಾಗಿ ಸುತ್ತಿದ ಹಳೆ ಪತ್ರಿಕೆಯ ಸುರುಳಿಯನ್ನು ಸಂದಿಯ ಉದ್ದಕ್ಕೂ ಒತ್ತಿ. ಕುಶನ್ ಮುಂದೆ ಜಾರುತ್ತಿದ್ದರೆ ಕೆಳಗೆ ರಬ್ಬರ್ ಜಾಲರಿ ಮ್ಯಾಟಿನ ತುಂಡು ಹಾಕಿ.

ಆಗಿ ಆರು ತಿಂಗಳಾಯಿತು, ಬಟ್ಟೆ ಜಾರಿಲ್ಲ. ಮೂಲೆಯ ಸೀಟು ಮಾತ್ರ ಒಳಗೆ ಹೋಗುತ್ತಿದೆ. ತಡವಾಗಿ ಬಂದವರಿಗೆ ಅದು.